ಎಲ್ಲರಿಗೂ ಒಂದೇ ಮೂರು ಸುತ್ತು ಬೇಡ

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಊರಲ್ಲಿ ಎಲ್ಲರ ಬಾಯಲ್ಲೂ ಪಿಟಿ ಸರ್. ನಮ್ಮ ಕೆಲಸದಲ್ಲಿ ಒಂದು ಹಳೇ ರೂಢಿ ಇದೆ. ಸೀಟಿ ಊದುವುದು, ಎಲ್ಲರನ್ನೂ ಮೈದಾನದ ಸುತ್ತ ಮೂರು ಸುತ್ತು ಓಡಿಸುವುದು, ಮುಂದೆ ಬಂದವರನ್ನು ಟೀಮಿಗೆ ಆರಿಸುವುದು. ಹಿಂದೆ ಉಳಿದವರು ಚಪ್ಪಾಳೆ ತಟ್ಟಲು. ಈ ರೂಢಿಯನ್ನು ಬಿಡಲೇಬೇಕು ಅಂತ ನನ್ನ ಕೆಲಸವೇ ನನಗೆ ಕಲಿಸಿದೆ. ಗಂಗಾವತಿಯ ಭತ್ತದ ಗದ್ದೆಗೆ ಬಿಡುವಷ್ಟು ನೀರನ್ನು ಕುಷ್ಟಗಿಯ ಸಜ್ಜೆ ಹೊಲಕ್ಕೆ ಯಾರಾದರೂ ಬಿಡುತ್ತಾರಾ?

ಎಂಟನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ. ಪಕ್ಕದವನು ಇನ್ನೂ ಐದನೇ ತರಗತಿ ಹುಡುಗನ ಹಾಗೆ ಇರುತ್ತಾನೆ. ರಿಜಿಸ್ಟರಿನಲ್ಲಿ ಇಬ್ಬರ ವಯಸ್ಸೂ ಒಂದೇ. ನಮ್ಮ ಕಡೆ ಆ ರಿಜಿಸ್ಟರನ್ನೂ ಪೂರ್ತಿ ನಂಬುವ ಹಾಗಿಲ್ಲ, ಹುಟ್ಟಿದ ದಿನ ಜೂನ್ 1 ಅಂತ ಬರೆಸಿದ ಮಕ್ಕಳು ಎಷ್ಟು ಜನ ಇರುತ್ತಾರೆ ಅಂತ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ನಾನು ನೋಡುವುದು ದೇಹದ ವಯಸ್ಸನ್ನು. ಹೆಣ್ಣುಮಕ್ಕಳು ಸುಮಾರು 12ಕ್ಕೆ, ಗಂಡುಮಕ್ಕಳು ಸುಮಾರು 14ಕ್ಕೆ ಎಲ್ಲಕ್ಕಿಂತ ಜೋರಾಗಿ ಬೆಳೆಯುತ್ತಾರೆ. ಇದು ಸರಾಸರಿ ಲೆಕ್ಕ. ಒಂದೆರಡು ವರ್ಷ ಹಿಂದೆ ಮುಂದೆ ಆಗುವುದು ತೀರಾ ಸಹಜ. ಬೇಗ ಬೆಳೆದವನು ವಲಯ ಮಟ್ಟದಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ. ಅವನನ್ನು ಹೊತ್ತು ಮೆರೆಸುತ್ತೇವೆ. ತಡವಾಗಿ ಬೆಳೆಯುವ ಹುಡುಗ ತನಗೆ ಆಟ ಬರುವುದಿಲ್ಲ ಅಂದುಕೊಂಡು ಮೈದಾನವನ್ನೇ ಬಿಡುತ್ತಾನೆ. ಅವನಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇದಕ್ಕೆ.

ಜೋರಾಗಿ ಬೆಳೆಯುವ ಹೊತ್ತಿನಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಮೊದಲು ಕಾಲು ಉದ್ದ ಆಗುತ್ತದೆ, ಮೈ ಆಮೇಲೆ. ಹೋದ ವರ್ಷ ಚುರುಕಾಗಿ ತಿರುಗುತ್ತಿದ್ದ ಖೋ ಖೋ ಹುಡುಗ ಈ ವರ್ಷ ತನ್ನ ಕಾಲಿಗೆ ತಾನೇ ಎಡವುತ್ತಾನೆ. "ಸರ, ಮೊಣಕಾಲು ನೋಯಾಕ ಹತ್ತೈತ್ರಿ" ಅಂತ ಬರುತ್ತಾನೆ. ಸೋಮಾರಿ, ನೆಪ ಹೇಳ್ತಾನೆ ಅಂತ ಬೈದು ಕಳಿಸುವವರೇ ಜಾಸ್ತಿ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಮೂಳೆಯ ಉಬ್ಬಿನ ಮೇಲೆ ಒತ್ತಿ ನೋಡಿ. ಅಲ್ಲೇ ನೋವಿದ್ದರೆ ಅದು ಬಹುಶಃ ಆಸ್‌ಗುಡ್ ಶ್ಲಾಟರ್ ಅನ್ನುವ ಮಂಡಿ ತೊಂದರೆ. 1903ರಲ್ಲಿ ಇಬ್ಬರು ವೈದ್ಯರು ಬೇರೆಬೇರೆಯಾಗಿ ಗುರುತಿಸಿದ್ದರಿಂದ ಇಬ್ಬರ ಹೆಸರೂ ಅದಕ್ಕೆ ಸೇರಿದೆ. ತೊಡೆಯ ಮುಂಭಾಗದ ಸ್ನಾಯು ಮಂಡಿಯ ಕೆಳಗೆ ಬಂದು ಅಂಟುವ ಜಾಗ ಇನ್ನೂ ಬೆಳೆಯುತ್ತಿರುತ್ತದೆ. ಪದೇ ಪದೇ ಜಿಗಿದರೆ, ಓಡಿದರೆ ಆ ಎಳೆಯ ಜಾಗಕ್ಕೆ ಎಳೆತ ಬೀಳುತ್ತದೆ. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಜಿಗಿತ, ಬಸ್ಕಿ ಕಡಿಮೆ ಮಾಡಿಸಿ. ಎಸೆತ, ಕೈಯ ವ್ಯಾಯಾಮ ಕೊಡಿ. ಆಟದಿಂದ ಪೂರ್ತಿ ದೂರ ಕೂರಿಸಬೇಡಿ. ರಾತ್ರಿ ನೋವು, ಜ್ವರ, ಕುಂಟುವುದು ಇದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಇದನ್ನು ಮೊದಲೇ ಹಿಡಿಯಲು ದುಬಾರಿ ಸಾಮಾನು ಏನೂ ಬೇಡ. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಸಾಕು. ಮೂರು ತಿಂಗಳಿಗೊಮ್ಮೆ ಎತ್ತರ ಬರೆದುಕೊಂಡರೆ ಯಾರು ಒಮ್ಮೆಲೇ ಉದ್ದ ಆಗುತ್ತಿದ್ದಾರೆ ಅಂತ ಕಣ್ಣಿಗೆ ಕಾಣುತ್ತದೆ.

ಇನ್ನು ಹುಟ್ಟಿನಿಂದ ಬಂದ ಒಲವಿನ ವಿಷಯ. ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಅಭಿಯಾನ ಶುರುವಾಗಿದ್ದು 2019ರಲ್ಲಿ. ಅದರ ಶಾಲಾ ಮಕ್ಕಳ ಪರೀಕ್ಷೆಯಲ್ಲಿ 50 ಮೀಟರ್ ಓಟವೂ ಇದೆ, 600 ಮೀಟರ್ ಓಟವೂ ಇದೆ. ಬಹಳ ಕಡೆ ಅಂಕಿ ತುಂಬಿ ಕಳಿಸಿದರೆ ಮುಗಿಯಿತು. ನಾನು ಎರಡೂ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. 50ರಲ್ಲಿ ಮುಂದೆ, 600ರಲ್ಲಿ ಹಿಂದೆ ಇರುವ ಮಗು ಬೇರೆ. 50ರಲ್ಲಿ ಸಾಧಾರಣ, 600 ಮುಗಿಸಿಯೂ ಉಸಿರು ಹಿಡಿತದಲ್ಲಿ ಇರುವ ಮಗು ಬೇರೆ. ಸ್ನಾಯುವಿನ ಎಳೆಗಳಲ್ಲಿ ಬೇಗ ಬಿಗಿದು ಬೇಗ ದಣಿಯುವವು ಇವೆ, ನಿಧಾನ ಕೆಲಸ ಮಾಡಿ ಬಹಳ ಹೊತ್ತು ತಡೆಯುವವು ಇವೆ. ಯಾರಲ್ಲಿ ಯಾವುದು ಜಾಸ್ತಿ ಅನ್ನುವುದರಲ್ಲಿ ಹುಟ್ಟಿನ ಪಾಲು ದೊಡ್ಡದು, ತರಬೇತಿಯ ಪಾಲೂ ಇದೆ. ಮೊದಲನೆಯ ಮಗುವಿಗೆ ಚಿಕ್ಕ ಓಟ, ನಡುವೆ ಚೆನ್ನಾಗಿ ವಿಶ್ರಾಂತಿ, ಉದ್ದಜಿಗಿತ. ಎರಡನೆಯದಕ್ಕೆ ಉದ್ದದ ಓಟ. ಆದರೆ ಹದಿನಾಲ್ಕರ ಒಳಗೆ ಯಾರಿಗೂ ಒಂದೇ ಆಟದ ಮುದ್ರೆ ಒತ್ತಬಾರದು. ವಾರದಲ್ಲಿ ಕೆಲವು ದಿನ ಒಲವಿನ ಗುಂಪು, ಉಳಿದ ದಿನ ಎಲ್ಲರೂ ಕೂಡಿ ಎಲ್ಲ ಆಟ.

ದಪ್ಪ ಮೈಯ ಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರಿಗೆ ಮೊದಲ ದಿನವೇ ಮೂರು ಸುತ್ತು ಕೊಟ್ಟರೆ ಕೊನೆಗೆ ಬರುತ್ತಾರೆ, ಉಳಿದವರು ನಗುತ್ತಾರೆ, ಮರುದಿನ ಹೊಟ್ಟೆನೋವು ಅಂತ ಕೂರುತ್ತಾರೆ. ಅದೇ ಹುಡುಗನ ಕೈಗೆ ಗುಂಡು ಎಸೆತದ ಗುಂಡು ಕೊಡಿ, ಕಬಡ್ಡಿಯಲ್ಲಿ ರೈಡರನ್ನು ಹಿಡಿಯುವ ಕೆಲಸ ಕೊಡಿ. ಅವನ ತೂಕವೇ ಅಲ್ಲಿ ಅವನ ಬಲ. ನೀರಜ್ ಚೋಪ್ರಾ ಚಿಕ್ಕವರಿದ್ದಾಗ ದಪ್ಪ ಇದ್ದರು. ತೂಕ ಇಳಿಯಲಿ ಅಂತ ಮನೆಯವರು ವ್ಯಾಯಾಮಕ್ಕೆ ಕಳಿಸಿದ್ದರು. ಪಾಣಿಪತ್‌ನ ಮೈದಾನದಲ್ಲಿ ಬೇರೆಯವರು ಭರ್ಜಿ ಎಸೆಯುವುದನ್ನು ನೋಡಿ ಅವರೂ ಕೈಗೆತ್ತಿಕೊಂಡರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಅವರು ತರಬೇತಿ ಮಾಡಿದ ಜಾಗಗಳಲ್ಲಿ ಒಂದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರವೇ ಇದೆ. ಈ ಕಥೆ ಹೇಳಿದ ದಿನ ನಮ್ಮ ಹುಡುಗರ ಮುಖ ನೋಡಬೇಕು.

ಮಗುವಿಗೆ ಆಗಲ್ಲ ಅಂತ ತೀರ್ಮಾನಿಸುವ ಮೊದಲು ಹೊಟ್ಟೆ ಮತ್ತು ರಕ್ತ ನೋಡಿ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅರ್ಧ ಸುತ್ತಿಗೇ ಕುಸಿದು ಕೂರುತ್ತಿದ್ದಳು. "ನಮ್ಮಕಿ ಮೊದ್ಲಿಂದ್ಲೂ ನಾಜೂಕ್ರಿ ಸರ" ಅಂದರು ತಾಯಿ. ಹುಡುಗಿಯ ಉಗುರು, ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿದ್ದವು. "ಅಕ್ಕಾರ, ಒಂದು ಸಲ ರಕ್ತ ತೋರಿಸ್ರಿ" ಅಂತ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಹಿಮೋಗ್ಲೋಬಿನ್ ತುಂಬಾ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ, ಊಟದಲ್ಲಿ ಬದಲಾವಣೆ ಶುರುವಾಯಿತು. ಅವಳು ಚೇತರಿಸಿಕೊಳ್ಳುವವರೆಗೆ ನಡಿಗೆ, ರಿಂಗ್ ಆಟ ಅಷ್ಟೇ ಕೊಟ್ಟೆ. ಕೆಲವು ತಿಂಗಳ ನಂತರ ಅವಳು ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವುದನ್ನು ನೋಡಿ ತಾಯಿಗೇ ನಂಬಿಕೆ ಬರಲಿಲ್ಲ. ಸಾಮರ್ಥ್ಯ ಅವಳಲ್ಲಿ ಮೊದಲೇ ಇತ್ತು, ಅಲ್ವಾ?

ಬಿಸಿಲಿನ ಲೆಕ್ಕವನ್ನೂ ಮರೆಯಬಾರದು. ರಾಯಚೂರು, ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೆವರುತ್ತಾರೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಜಾಸ್ತಿ, ಹಾಗಾಗಿ ಗಾಳಿ ಮೈಗಿಂತ ಬಿಸಿ ಇದ್ದಾಗ ಕಾವನ್ನು ಬೇಗ ಎಳೆದುಕೊಳ್ಳುತ್ತಾರೆ. ಮಾರ್ಚ್‌ನಿಂದ ಆಚೆ ಪಿಟಿ ಪೀರಿಯಡ್ ಬೆಳಗಿನ ಹೊತ್ತಿಗೆ ಬರುವಂತೆ ಮುಖ್ಯೋಪಾಧ್ಯಾಯರ ಹತ್ತಿರ ಹಟ ಮಾಡಿಯಾದರೂ ಬದಲಾಯಿಸಿಕೊಳ್ಳಿ.

ಈಗ ಶಾಲೆ ಶುರುವಾಗಿದೆ. ಎತ್ತರ, ತೂಕ, ಎರಡೂ ಓಟದ ಅಂಕಿಗಳನ್ನು ಈ ತಿಂಗಳೇ ಬರೆದಿಟ್ಟುಕೊಳ್ಳಿ. ವಲಯ ಮಟ್ಟದ ಆಟಗಳು ಬಂದರೆ ಟೀಮಿನ ಪಟ್ಟಿ, ಬಸ್ಸು, ಊಟದ ಗಡಿಬಿಡಿಯಲ್ಲಿ ಯಾವ ಮಗುವಿನ ಕಡೆಗೂ ನೋಡಲು ಹೊತ್ತು ಸಿಗುವುದಿಲ್ಲ.