ಎರಡು ಸಾವಧಾನಗಳು

ನಮ್ಮ ತಂದೆಯವರು 24 ವರ್ಷ ಸೇನೆಯಲ್ಲಿ ದುಡಿದು, ಹವಾಲ್ದಾರರಾಗಿ ನಿವೃತ್ತರಾಗಿ ಮಂಡ್ಯದ ಹತ್ತಿರದ ನಮ್ಮ ಊರಿಗೆ ಮರಳಿದರು. ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಹಾಕಿದಾಗ ಏಳುವ ಚಟಪಟ ಸದ್ದು ಊರಿನವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ತಂದೆಯವರಿಗೆ ಮಾತ್ರ ಅದು ಗಡಿಯ ಗುಂಡಿನ ಸದ್ದಾಗಿ ಕೇಳಿಸುತ್ತಿತ್ತು. ಅಂಥ ರಾತ್ರಿಗಳಲ್ಲಿ ಅವರು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಕಡೆ ಮುಖ ಮಾಡಿ, ಬೆಳಗಿನವರೆಗೂ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಕೇಳಿದರೆ, "ನಿದ್ದೆ ಬರ್ನಿಲ್ಲ ಕಣವ್ವ, ಅಷ್ಟೇಯ" ಎನ್ನುತ್ತಿದ್ದರು.

ಇದು ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಯೆಂದು ಮೈಸೂರಿನ ಮನೋವೈದ್ಯರೊಬ್ಬರು ಹೇಳುವ ಹೊತ್ತಿಗೆ ಹಲವು ವರ್ಷಗಳೇ ಕಳೆದಿದ್ದವು. ಅವರು ಔಷಧದ ಜೊತೆಗೆ, ಈ ಕ್ಷಣದ ಉಸಿರು, ಮೈ, ಯೋಚನೆಗಳನ್ನು ಸುಮ್ಮನೆ ಗಮನಿಸುವ ಧ್ಯಾನವನ್ನು ಕಲಿಸುವ 8 ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿಯನ್ನೂ ಸೂಚಿಸಿದರು. ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಆರಂಭಿಸಿದ ಕ್ರಮ ಇದು. ಅಮೆರಿಕದ 116 ಮಾಜಿ ಸೈನಿಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತರಬೇತಿ ಪಡೆದವರ ತೊಂದರೆಗಳು ಗುಂಪಿನಲ್ಲಿ ನಡೆಯುವ ಬೇರೊಂದು ಚಿಕಿತ್ಸೆ ಪಡೆದವರಿಗಿಂತ ಸ್ವಲ್ಪ ಹೆಚ್ಚು ತಗ್ಗಿದವು. ಆದರೆ ಕಾಯಿಲೆಯಿಂದಲೇ ಹೊರಬಂದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಔಷಧ, ಚಿಕಿತ್ಸೆಗಳನ್ನು ಬಿಟ್ಟು ಧ್ಯಾನವೊಂದನ್ನೇ ಹಿಡಿಯಿರಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಮೊದಲ ದಿನ ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕೆಂದಾಗ ತಂದೆಯವರು ಎರಡೇ ನಿಮಿಷದಲ್ಲಿ ಬೆವೆತು ಎದ್ದು ಹೋದರು. ವರ್ಷಗಟ್ಟಲೆ ಕಾವಲು ನಿಂತವರಿಗೆ ಕಣ್ಣು ಮುಚ್ಚುವುದೆಂದರೆ ಕಾವಲು ಬಿಟ್ಟಂತೆಯೇ ಎಂಬುದನ್ನು ತರಬೇತುದಾರರು ಅರ್ಥ ಮಾಡಿಕೊಂಡಿದ್ದು ನಮ್ಮ ಪುಣ್ಯ. ಅವರು ಕುರ್ಚಿಯನ್ನು ಬಾಗಿಲಿನ ಕಡೆ ತಿರುಗಿಸಿ, ಕಣ್ಣು ತೆರೆದೇ ಇರಲೆಂದು ಹೇಳಿ, ಅಂಗಾಲು ನೆಲಕ್ಕೆ ತಾಗುವುದನ್ನಷ್ಟೇ ಗಮನಿಸುವಂತೆ ತಿಳಿಸಿದರು. ಮುಂದಿನ ವಾರಗಳಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಹೆಜ್ಜೆಗೆ ಹೆಜ್ಜೆ ಗಮನಿಸುತ್ತಾ ನಡೆಯುವುದೇ ಅವರ ಅಭ್ಯಾಸವಾಯಿತು.

ಸೇನೆಯ ಕವಾಯತಿನಲ್ಲಿ 'ಸಾವಧಾನ್' ಎಂದರೆ ಮೈಯನ್ನೆಲ್ಲ ಬಿಗಿದು ನಿಲ್ಲುವುದು. ನಮ್ಮ ಕನ್ನಡದಲ್ಲಿ ಸಾವಧಾನವೆಂದರೆ ಆತುರವಿಲ್ಲದ, ತಾಳ್ಮೆಯ ಎಚ್ಚರ. ಸೈನಿಕನಿಗೆ ಎಚ್ಚರ ಕಲಿಸಬೇಕಾಗಿಲ್ಲ, ಅದು ಅವನಲ್ಲಿ ಅಗತ್ಯಕ್ಕಿಂತ ಹೆಚ್ಚೇ ಇದೆ. ಮೊದಲನೆಯ ಸಾವಧಾನದಿಂದ ಎರಡನೆಯದಕ್ಕೆ ಬರುವ ದಾರಿಯನ್ನು ಅವನಿಗೆ ತೋರಿಸಬೇಕಾಗಿದೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನಮ್ಮಷ್ಟು ವರ್ಷ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಳೆದ ಬಾರಿ ಪಕ್ಕದ ಗದ್ದೆಯ ತರಗು ಉರಿದಾಗ ತಂದೆಯವರು ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತು, ಬೆಂಕಿ ಆರುವವರೆಗೂ ಅದನ್ನೇ ನೋಡಿದರು. ಅಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತಂತೆ. ಅಲ್ಲಿಯವರೆಗೆ ನಿದ್ದೆ ಮಾಡಿದ್ದರು.