ವೈರಸ್ ಸತ್ತಿತೋ, ಸುಮ್ನೆ ಕೂತಿತೋ? ಏಳನೇ ವಾರ

ಹೋದ ವಾರ ‘ಒಂದೇ ಒಂದು ಪ್ಲಾಕ್ (ವೈರಸ್ ಕೋಶಗಳನ್ನು ತಿಂದು ಮಾಡುವ ತೂತು) ಇಲ್ಲ, ಡೆಂಡ್ರಿಮರ್ ವೈರಸ್ಸನ್ನು ಕೊಂದಿದೆ’ ಅಂತ ಕುಣಿದಾಡಿದ್ದೆ ಅಲ್ವಾ? ಅದನ್ನು ವಾಪಸ್ ತಗೊಳ್ಳುತ್ತಿದ್ದೇನೆ.

ಹೊಸದಾಗಿ ಓದುವವರಿಗೆ: ನಾನು ಮೆಲ್ಬರ್ನ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಇದೇ ಊರಿನ ಸ್ಟಾರ್‌ಫಾರ್ಮಾ ಕಂಪನಿಯ ಆಸ್ಟೋಡ್ರಿಮರ್ ಸೋಡಿಯಂ ಅನ್ನುವ, ವೈರಸ್ ತಡೆಯುವ ಡೆಂಡ್ರಿಮರ್ ಬಗ್ಗೆ ಓದಿ ಈ ಪ್ರಾಜೆಕ್ಟ್ ಹಿಡಿದದ್ದು. ಡೆಂಡ್ರಿಮರ್ ಅಂದರೆ ಮರದ ಹಾಗೆ ಕವಲೊಡೆಯುತ್ತಾ ಹೋಗುವ ಅಣು. ಇದರ ಇಟ್ಟಿಗೆ ಲೈಸಿನ್ ಅನ್ನುವ ಅಮೈನೋ ಆಮ್ಲ, ಅದಕ್ಕೆ ಹಿಡಿಯಲು ಎರಡು ಕೈ ಇರುವುದರಿಂದ ಪ್ರತಿ ಸುತ್ತಿಗೂ ಕೊಂಬೆ ದುಪ್ಪಟ್ಟಾಗುತ್ತದೆ: 2, 4, 8, 16, 32. ಆಸ್ಟೋಡ್ರಿಮರ್‌ನ 32 ತುದಿಗಳಲ್ಲೂ ಎರಡೆರಡು ಸಲ್ಫೋನೇಟ್ ಗುಂಪು, ಒಟ್ಟು 64 ನೆಗೆಟಿವ್ ಚಾರ್ಜ್. ವೈರಸ್‌ನ ಸ್ಪೈಕ್ (ಮೈಮೇಲಿನ ಮುಳ್ಳಿನಂಥ ಪ್ರೋಟೀನ್) ಇದಕ್ಕೆ ಅಂಟಿಕೊಂಡರೆ ಕೋಶಕ್ಕೆ ಅಂಟುವುದಕ್ಕೆ ಆಗುವುದಿಲ್ಲ. ಕೋವಿಡ್ ವೈರಸ್ ಒಂದೇ ನಿಮಿಷದಲ್ಲಿ 99.9%ಗಿಂತ ಜಾಸ್ತಿ ನಿಷ್ಕ್ರಿಯವಾಯಿತು ಅಂತ 2021ರಲ್ಲಿ ಪ್ರಕಟವಾಗಿತ್ತು.

ನನ್ನ ಕೈಯಲ್ಲಿರುವುದು ಪಕ್ಕದ ಕೆಮಿಸ್ಟ್ರಿ ಗುಂಪಿನವರು ಮಾಡಿಕೊಟ್ಟ, ಅದೇ ಜಾತಿಯ ಇನ್ನೊಂದು ಡೆಂಡ್ರಿಮರ್. ವೈರಸ್ಸೂ ಬೇರೆ. ಕೋವಿಡ್ ವೈರಸ್ ಬೆಳೆಸಲು ಪಿಸಿ3 ಅನ್ನುವ ಹೆಚ್ಚು ಸುರಕ್ಷತೆಯ ಲ್ಯಾಬ್ ಬೇಕು, ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪಿಸಿ2, ಹಾಗಾಗಿ ನೆಗಡಿ ತರುವ 229ಇ ಅನ್ನುವ ಕೊರೊನಾವೈರಸ್. ಅದು ಕೋಶದೊಳಗೆ ಹೋಗುವ ಬಾಗಿಲೇ (ಕೋಶದ ಮೇಲಿನ ಪ್ರೋಟೀನ್) ಬೇರೆ, ಕೋವಿಡ್ ವೈರಸ್ ಬಳಸುವ ಎಸಿಇ2 ಅಲ್ಲ, ಎಪಿಎನ್. ಅಂದರೆ ಇಲ್ಲಿ ಸಿಕ್ಕಿದ್ದನ್ನು ನೇರವಾಗಿ ಕೋವಿಡ್‌ಗೆ ಹಚ್ಚಬೇಡಿ.

ಮಾಡುವ ಕೆಲಸ ಇಷ್ಟು. ವೈರಸ್ ಮತ್ತು ಡೆಂಡ್ರಿಮರ್ ಬೆರೆಸಿ ಒಂದು ನಿಮಿಷ ಬಿಟ್ಟು, ತೆಳು ಮಾಡಿ, ಕೋಶಗಳ ಮೇಲೆ ಹಾಕಿ, ಗಂಜಿಯಷ್ಟು ಮಂದದ ದ್ರವ ಮೇಲೆ ಸುರಿದು, ನಾಲ್ಕು ದಿನ ಇನ್‌ಕ್ಯುಬೇಟರ್‌ನಲ್ಲಿ ಇಡುವುದು. ಆಮೇಲೆ ಕ್ರಿಸ್ಟಲ್ ವಯೊಲೆಟ್ ಬಣ್ಣ. ಬದುಕಿದ ಕೋಶಗಳೆಲ್ಲ ನೇರಳೆ, ವೈರಸ್ ತಿಂದ ಜಾಗದಲ್ಲಿ ಬಿಳಿ ತೂತು. ಚೆನ್ನಾಗಿ ಬಂದ ದಿನ ಪ್ಲೇಟ್ ನೇರಳೆ ದೋಸೆ ಹಾಗೆ ಕಾಣುತ್ತದೆ. ಆ ತೂತೇ ಪ್ಲಾಕ್, ಅದನ್ನೇ ಎಣಿಸುವುದು.

ಅನುಮಾನ ಬಂದದ್ದು ಸೋಮವಾರ ಟ್ರಾಮ್‌ನಲ್ಲಿ. ನಾನು 10 ಮಿ.ಗ್ರಾಂ/ಮಿ.ಲೀ. ಡೆಂಡ್ರಿಮರ್ ಹಾಕಿ, 100 ಪಟ್ಟು ತೆಳು ಮಾಡಿ, ಕೋಶಕ್ಕೆ ಕೊಟ್ಟಿದ್ದೆ. ಅಂದರೆ ಇನ್ನೂ 0.1 ಉಳಿದಿದೆ! ಆಸ್ಟೋಡ್ರಿಮರ್‌ಗೆ ಪ್ಲಾಕ್ ಪರೀಕ್ಷೆಯಲ್ಲಿ ವೈರಸ್ಸನ್ನು ಅರ್ಧಕ್ಕೆ ಇಳಿಸಲು ಇದಕ್ಕಿಂತ ಕಡಿಮೆಯೇ ಸಾಕಾಗಿತ್ತು. ನನ್ನದೂ ಅದರ ಹತ್ತಿರ ಇದ್ದರೆ, ಆ ಒಂದು ನಿಮಿಷದಲ್ಲಿ ಏನೂ ಸಾಯದಿದ್ದರೂ ಪ್ಲೇಟ್ ಮೇಲೆ ಉಳಿದ ಮದ್ದೇ ವೈರಸ್ಸನ್ನು ತಡೆದು ಕೂರಿಸಿರಬಹುದು.

ಪರೀಕ್ಷಿಸುವುದು ಸುಲಭ, ಮೊದಲ ದಿನವೇ ಮಾಡಬೇಕಿತ್ತು. ಡೆಂಡ್ರಿಮರ್ ಅನ್ನು ಮೊದಲೇ 100 ಪಟ್ಟು ತೆಳು ಮಾಡಿ, ಕೋಶಕ್ಕೆ ಹಾಕುವ ಹೊತ್ತಿಗೆ ವೈರಸ್ ಸೇರಿಸಿದೆ. ಇವತ್ತು ಬಣ್ಣ ಹಾಕಿ ನೋಡಿದರೆ, ಡೆಂಡ್ರಿಮರ್ ಇಲ್ಲದ ವೆಲ್‌ನಲ್ಲಿ (ಪ್ಲೇಟಿನ ಗುಳಿಯಲ್ಲಿ) 41 ಪ್ಲಾಕ್, ಇದರಲ್ಲಿ 3. ಅಂದರೆ ಉಳಿದ ಮದ್ದೇ ತಡೆಯುತ್ತಿತ್ತು. ಆರು ವಾರದ ‘ಕೊಂದೆ’ ಅನ್ನುವ ಅಂಕಿಗಳೆಲ್ಲ ಹೋದವು.

ಇನ್ನೂ ತೆಳು ಮಾಡಬಾರದೇ ಅಂತ ಲ್ಯಾಬ್‌ನ ಅಕ್ಕ ಕೇಳಿದರು. ಲೆಕ್ಕ ಹಾಕಿದೆವು. ನನ್ನ ವೈರಸ್ ಸ್ಟಾಕ್‌ನಲ್ಲಿ ಮಿ.ಲೀ.ಗೆ ಪ್ಲಾಕ್ ಮಾಡಬಲ್ಲ ವೈರಸ್ ಸುಮಾರು 10 ಲಕ್ಷ. 10,000 ಪಟ್ಟು ತೆಳು ಮಾಡಿ 0.2 ಮಿ.ಲೀ. ಹಾಕಿದರೆ ಮದ್ದೇ ಇಲ್ಲದಿದ್ದರೂ ಬರುವುದು 20 ಪ್ಲಾಕ್. ಅದು ಸೊನ್ನೆಗೆ ಇಳಿದರೂ ಹೆಚ್ಚೆಂದರೆ 95% ಅನ್ನಬಹುದು, 99.9 ಅನ್ನಲು ಯಾವ ಬಾಯಿ?

ಹಾಗಾಗಿ ಈಗ ದಾರಿ ಬೇರೆ. ಮಿಶ್ರಣವನ್ನು 20% ಸಕ್ಕರೆ ದ್ರಾವಣದ ಮೇಲೆ ನಿಧಾನಕ್ಕೆ ಇಳಿಸಿ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ (ಭಾರೀ ವೇಗದಲ್ಲಿ ಗಿರಕಿ ಹೊಡೆಸುವ ಮೆಷೀನ್) ತಿರುಗಿಸುವುದು. ವೈರಸ್ ದೊಡ್ಡದು, ತಳಕ್ಕೆ ಹೋಗುತ್ತದೆ. ಬಿಡಿ ಡೆಂಡ್ರಿಮರ್ ಸಣ್ಣದು, ಮೇಲೆಯೇ ಉಳಿಯುತ್ತದೆ. ತಿರುಗಿಸುವಾಗ ಒಳ್ಳೆ ವೈರಸ್ಸೂ ಒಂದಷ್ಟು ಹಾಳಾಗುತ್ತದೆ, ಅದಕ್ಕೆ ಮದ್ದಿಲ್ಲದ ಟ್ಯೂಬನ್ನೂ ಪಕ್ಕದಲ್ಲೇ ತಿರುಗಿಸಬೇಕು. ಈ ಸಲ ಮರೆಯಲ್ಲ, ಟ್ಯೂಬ್ ಮೇಲೆ ಈಗಲೇ ಹೆಸರು ಬರೆದಿಟ್ಟಿದ್ದೇನೆ.

ಮೆಷೀನ್ ಖಾಲಿ ಸಿಕ್ಕಿದ್ದು ಗುರುವಾರ ರಾತ್ರಿ ಎಂಟಕ್ಕೆ.