ಒಂದು ಇಂಚು ಹತ್ತು ಸೆಂಟ್

ಏಪ್ರಿಲ್ ಬಂತೆಂದರೆ ನಮ್ಮ ಕಾಫಿ ಕಣ ಖಾಲಿಯಾಗುತ್ತದೆ. ಒಣಗಿದ ಕಾಫಿ ಅಷ್ಟೂ ಮೂಟೆ ಸೇರಿ ಗೋಡೌನಿಗೆ ಹೋಗಿರುತ್ತದೆ. ಮೂಲೆಯಲ್ಲಿ ಒಂದಿಷ್ಟು ಕಾಳುಮೆಣಸು ಮಾತ್ರ ಇನ್ನೂ ಒಣಗುತ್ತಿರುತ್ತದೆ. ಇಡೀ ದಿನ ಕಾದ ಸಿಮೆಂಟು ಸಂಜೆ ಆರಕ್ಕೂ ಬೆಚ್ಚಗಿರುತ್ತದೆ. ಚಾಪೆ ಹಾಸಿಕೊಂಡು ಕೂತರೆ ಮಂಡಿನೋವಿನ ಅಜ್ಜಿಯರಿಗೂ ಹಿತ. ನಮ್ಮೂರಿನ ಬೇಸಿಗೆ ಸಂಗೀತ ನಡೆಯುವುದು ಈ ಕಣದಲ್ಲೇ. ಯುಗಾದಿ ಕಳೆದ ಮೇಲೆ ಆರು ಶನಿವಾರ.

ಊರು ಸಕಲೇಶಪುರದಿಂದ ಒಳಗೆ. ತೋಟದ ಕೆಲಸಗಾರರ ಲೈನ್ ಮನೆಗಳನ್ನೂ ಸೇರಿಸಿದರೆ ನಲವತ್ತು ಮನೆ ಇರಬಹುದು. ನಾನು ಹಾಸನದಲ್ಲಿ ಬೆಳೆದವಳು, ಮದುವೆಯಾಗಿ ಇಲ್ಲಿಗೆ ಬಂದೆ. ಚಿಕ್ಕಂದಿನಲ್ಲಿ ಎಂಟು ವರ್ಷ ಸಂಗೀತ ಕಲಿತಿದ್ದೆ. ತೋಟದ ಮನೆಯಲ್ಲಿ ಅದೆಲ್ಲ ಮರೆತೇ ಹೋಗಿತ್ತು.

ಇದನ್ನು ಶುರು ಮಾಡಿದವರು ನಮ್ಮ ಮಾವ. ಅವರಿಗೆ ಸಂಗೀತ ಬರುವುದಿಲ್ಲ. ಒಮ್ಮೆ ಅರಕಲಗೂಡಿಗೆ ನೆಂಟರ ಮದುವೆಗೆ ಹೋದಾಗ, ಹತ್ತಿರದಲ್ಲೇ ಇದೆಯಲ್ಲ ಎಂದು ರುದ್ರಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಕಾವೇರಿ ದಡದ ಸಣ್ಣ ಊರು. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು ಅವರು. ಜೋಡಿಯಾಗಿ ಹಾಡಿ ಹೆಸರಾದ ರುದ್ರಪಟ್ಟಣಂ ಸಹೋದರರ ಹೆಸರಲ್ಲೇ ಆ ಊರಿದೆ. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಧ್ಯಾನ ಮಂದಿರ ಕಟ್ಟಿಸಿದ್ದಾರೆ. ಮಾವ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದರು. ವಾಪಸ್ ಬರುವಾಗ ಕಾರಿನಲ್ಲಿ, “ಇಷ್ಟು ಸಣ್ಣ ಊರಲ್ಲಿ ಅಷ್ಟು ಸಂಗೀತ ಇದೆ. ನಮ್ಮೂರಲ್ಲಿ ಕೇಳೋಕಾದ್ರೂ ಸಿಗಬೇಕಲ್ವಾ?” ಎಂದರು. ಮುಂದಿನ ಬೇಸಿಗೆಗೆ ಕಣ ತೊಳೆಸಿಯೇಬಿಟ್ಟರು.

ಮನೆಗೆ ಐನೂರು ರೂಪಾಯಿ ಕೂಡಿಸುತ್ತೇವೆ. ಕೊಡಲಾಗದವರು ಹಲಸಿನ ಹಪ್ಪಳ, ಮಜ್ಜಿಗೆ ತರುತ್ತಾರೆ. ಬಂದ ಕಲಾವಿದರಿಗೆ ಓಡಾಟದ ಖರ್ಚು, ಸಣ್ಣ ಸಂಭಾವನೆ, ಹೊರಡುವಾಗ ಕಾಫಿ ಪುಡಿ ಮತ್ತು ಮೆಣಸಿನ ಪೊಟ್ಟಣ. ಮುಂದಿನ ಸಾಲಲ್ಲಿ ಲೈನ್ ಮನೆಯ ಮಕ್ಕಳೇ ಕೂರಬೇಕು ಎಂಬುದು ಮಾವನ ನಿಯಮ. ಹಿಂದೆ ಕೂರಿಸಿದರೆ ಎದ್ದು ಹೋಗುತ್ತಾರೆ, ಮುಂದೆ ಕೂತರೆ ಮೃದಂಗದ ಕೈ ನೋಡುತ್ತಾ ಕೂತುಬಿಡುತ್ತಾರೆ. ಇದು ನಿಜ. ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ವರ್ಷ ಎರಡನೇ ಶನಿವಾರ ನಮ್ಮ ಟೀಚರ್ ಬಂದಿದ್ದರು. ಹಾಸನದಲ್ಲಿ ನನಗೆ ಪಾಠ ಹೇಳಿಕೊಟ್ಟವರು. ಈಗ ಎಪ್ಪತ್ತರ ಹತ್ತಿರ. ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಸಕಲೇಶಪುರದಿಂದ ನಮ್ಮ ಜೀಪಿನಲ್ಲಿ ತೋಟಕ್ಕೆ ಬಂದರು. ತಂಬೂರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. “ಶ್ರುತಿ ಪೆಟ್ಟಿಗೆ ಇದೆ ಟೀಚರ್, ಇದ್ಯಾಕೆ ತಂದ್ರಿ?” ಎಂದೆ. “ನೀನು ಮೀಟ್ತೀಯಾ ಅಂತ ತಂದೆ” ಎಂದರು. ನನಗೆ ಮಾತೇ ಬರಲಿಲ್ಲ.

ಆ ವರ್ಷ ಹೂಮಳೆ ಬಂದಿರಲಿಲ್ಲ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೇರೆಯವರಿಗೆ ಸ್ವಲ್ಪ ಹೇಳಬೇಕು. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ಸುಮ್ನೆ ಕಾಯುತ್ತಾ ಇರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಬಿಳಿ ಹೂವಾಗುತ್ತದೆ. ಅರೆಬರೆ ಮಳೆಯಾದರೆ ಬಾರದೇ ಇದ್ದದ್ದಕ್ಕಿಂತ ಕಷ್ಟ. ಮೊಗ್ಗು ಉಬ್ಬುತ್ತದೆ, ಸರಿಯಾಗಿ ಅರಳುವುದಿಲ್ಲ, ಕೆಂಪಗಾಗಿ ಕೆಟ್ಟುಹೋಗುತ್ತದೆ. ಅದಕ್ಕೇ ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಎಣಿಸುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚಾದರೂ ಬಿದ್ದರೆ ಜೀವ ತಣ್ಣಗೆ. ರೊಬಸ್ಟಾ ಜಾತಿಯ ಕಾಫಿಗೆ ಕೆರೆಯ ನೀರಲ್ಲಿ ಸ್ಪ್ರಿಂಕ್ಲರ್ ಹಾಕಿದ್ದೆವು. ಕೆರೆಯ ತಳ ಕಂಡಿತ್ತು. ಅರೇಬಿಕಾಕ್ಕೆ ಮಳೆಯೇ ಗತಿ.

ಹಾಗಾಗಿ ಆ ಸಂಜೆ ಕಣದಲ್ಲಿ ಕೂತವರ ಮುಖದಲ್ಲಿ ಗೆಲುವಿರಲಿಲ್ಲ. ಈ ವರ್ಷ ಸಂಗೀತ ಬೇಡವೇನೋ ಎಂದು ಕೆಲವರು ಮೊದಲೇ ಹೇಳಿದ್ದರು. ಮಾವ ಒಪ್ಪಿರಲಿಲ್ಲ.

ಟೀಚರ್ ಎರಡು ದೇವರನಾಮ ಹಾಡಿ ಕಲ್ಯಾಣಿ ರಾಗ ಎತ್ತಿಕೊಂಡರು. ನಾನು ಹಿಂದೆ ಕೂತು ತಂಬೂರಿ ಮೀಟುತ್ತಿದ್ದೆ. ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಮಂದ್ರ ಷಡ್ಜ. ಮೊದಲ ಹತ್ತು ನಿಮಿಷ ಬೆರಳು ಹೆದರುತ್ತಿತ್ತು, ಆಮೇಲೆ ತಾನೇ ನಡೆಯಿತು. ಆಲಾಪನೆ ಮೇಲಿನ ಷಡ್ಜ ಮುಟ್ಟುವ ಹೊತ್ತಿಗೆ ಘಟ್ಟದ ಕಡೆಯಿಂದ ಒಂದು ಗುಡುಗು. ದೂರದ್ದು. ಟೀಚರ್ ಹಾಡುತ್ತಲೇ ಇದ್ದರು. ಜನ ಮಾತ್ರ ಒಟ್ಟಿಗೇ ತಲೆಯೆತ್ತಿ ಆಕಾಶ ನೋಡಿದರು.

ಎರಡನೇ ಗುಡುಗಿಗೆ ಕರೆಂಟ್ ಹೋಯಿತು. ಮೈಕು ಸತ್ತಿತು, ಶ್ರುತಿ ಪೆಟ್ಟಿಗೆಯೂ ಸತ್ತಿತು. ನನ್ನ ತಂಬೂರಿ ಒಂದೇ ಉಳಿಯಿತು. ನಿಲ್ಲಿಸಬೇಕೋ ಬೇಡವೋ ಗೊತ್ತಾಗದೆ ಮೀಟುತ್ತಲೇ ಇದ್ದೆ. ಆಗ ದಪ್ಪ ದಪ್ಪ ಹನಿ. ಬಿಸಿ ಸಿಮೆಂಟಿನ ಮೇಲೆ ಬಿದ್ದಲ್ಲೇ ಆರಿಹೋಗುತ್ತಿತ್ತು. ಬೇರೆ ಊರಾಗಿದ್ದರೆ ಜನ ಓಡುತ್ತಿದ್ದರು. ಇಲ್ಲಿ ಒಬ್ಬರೂ ಏಳಲಿಲ್ಲ. ಎದ್ದರೆ ಮಳೆ ಹೋಗಿಬಿಡುತ್ತದೇನೋ ಎಂಬ ಹಾಗೆ ಕೂತಿದ್ದರು.

ಗಾಳಿಗೆ ಮೆಣಸಿನ ರಾಶಿಯ ಟಾರ್ಪಾಲು ಹಾರಿದಾಗಲೇ ಎಲ್ಲರಿಗೂ ಎಚ್ಚರ ಬಂದದ್ದು. ಆಮೇಲೆ ಗಡಿಬಿಡಿಯೋ ಗಡಿಬಿಡಿ. ಪಿಟೀಲಿನವರು ಪಿಟೀಲು ಪೆಟ್ಟಿಗೆಗೆ ಹಾಕಿ, ಬುಟ್ಟಿ ಹಿಡಿದು ಮೆಣಸು ತುಂಬಲು ನಿಂತರು. ಮೃದಂಗದ ಹುಡುಗ ತನ್ನ ಅಂಗಿ ಬಿಚ್ಚಿ ಮೃದಂಗಕ್ಕೆ ಸುತ್ತಿದ. ಐದೇ ನಿಮಿಷದಲ್ಲಿ ಮೆಣಸು, ವಾದ್ಯ, ಮಕ್ಕಳು, ಅಜ್ಜಿಯರು, ಹಪ್ಪಳದ ಡಬ್ಬಿ ಎಲ್ಲ ಗೋಡೌನಿನೊಳಗೆ.

ಗೋಡೌನಿಗೆ ಶೀಟಿನ ಮಾಡು. ಅದರ ಮೇಲೆ ಮಳೆ ಸುರಿದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಕತ್ತಲು, ಎರಡು ಟಾರ್ಚು, ಕಾಫಿ ಮೂಟೆಯ ಘಾಟು, ಹಸಿ ಮಣ್ಣಿನ ವಾಸನೆ. ಟೀಚರ್ ಒಂದು ಮೂಟೆಯ ಮೇಲೆ ಕೂತು ನನ್ನ ಕಡೆ ನೋಡಿ, ಬೆರಳು ಆಡಿಸಿ ತೋರಿಸಿದರು. ಮೀಟು ಅಂತ. ಮೀಟಿದೆ. ನನಗೇ ಕೇಳಿಸಲಿಲ್ಲ. ಕೆನ್ನೆಯನ್ನು ತಂಬೂರಿಯ ದಂಡಿಗೆ ಒತ್ತಿದಾಗ ಮಾತ್ರ ನಾದ ಮೂಳೆಯೊಳಗೆ ಬರುತ್ತಿತ್ತು. ಪಕ್ಕದಲ್ಲಿ ಲೈನ್ ಮನೆಯ ಒಂದು ಪುಟ್ಟ ಹುಡುಗಿ ಇದನ್ನು ನೋಡಿ, ತಾನೂ ಬಂದು ತಂಬೂರಿಯ ದುಂಡನೆಯ ಕೊಡದ ಮೇಲೆ ಅಂಗೈ ಇಟ್ಟಳು. ಅವಳ ಕಣ್ಣು ದೊಡ್ಡದಾಯಿತು. ಕೈ ತೆಗೆಯಲೇ ಇಲ್ಲ. ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಅರ್ಧ ಗಂಟೆ ಆ ಮಕ್ಕಳು ಒಬ್ಬರ ನಂತರ ಒಬ್ಬರು ಕೈಯಿಟ್ಟೇ ಶ್ರುತಿ ಕೇಳಿದರು. ನಾನು ಎಷ್ಟೋ ಒಳ್ಳೆಯ ಕಛೇರಿ ಕೇಳಿದ್ದೇನೆ. ಈ ಅರ್ಧ ಗಂಟೆ ನನ್ನ ಪಾಲಿಗೆ ಅದೆಲ್ಲಕ್ಕಿಂತ ದೊಡ್ಡದು.

ಮಳೆ ಇಳಿಯುತ್ತಾ ಬಂತು. ಮೊದಲು ತಂಬೂರಿ ಸಣ್ಣಗೆ ಕೇಳಿಸಿತು. ಆಮೇಲೆ, ಯಾವಾಗ ಶುರುವಾಯಿತೋ ತಿಳಿಯಲಿಲ್ಲ, ಟೀಚರ್ ದನಿ. ಮಳೆ ಜೋರಿದ್ದಾಗಲೇ ಹಾಡಲು ಶುರು ಮಾಡಿದ್ದರಂತೆ. ಕಲ್ಯಾಣಿಗೆ ವಾಪಸ್ ಹೋಗಿರಲಿಲ್ಲ. ನಿಧಾನವಾದ ಆನಂದಭೈರವಿ. ಮೈಕಿಲ್ಲದೆ ಅವರ ದನಿಯನ್ನು ನಾನು ಕೇಳಿದ್ದು ಹಾಸನದ ಅವರ ಮನೆಯ ನಡುಮನೆಯಲ್ಲಿ ಮಾತ್ರ. ಅದೇ ದನಿ. ಸ್ವಲ್ಪ ನಡುಗುತ್ತಿತ್ತು, ಶ್ರುತಿ ಬಿಟ್ಟಿರಲಿಲ್ಲ. ತೇವಕ್ಕೆ ಮೃದಂಗದ ಶ್ರುತಿ ಇಳಿದಿತ್ತು. ಹುಡುಗ ಸಣ್ಣ ಕಲ್ಲಿನಿಂದ ಮುಚ್ಚಿಗೆಯ ಅಂಚನ್ನು ಮೆಲ್ಲಗೆ ತಟ್ಟಿ ತಟ್ಟಿ ಏರಿಸುತ್ತಿದ್ದ.

ಅಷ್ಟು ಹೊತ್ತಿಗೆ ಮಾವ ಕಾಣಲಿಲ್ಲ. ಟಾರ್ಚು ಹಿಡಿದು ರೇನ್‌ಗೇಜು ನೋಡಲು ಹೋಗಿದ್ದರು. ಮನೆಯ ಮುಂದೆ ಅದಿದೆ. ಅದರ ಲೆಕ್ಕ ಬರೆಯುವ ಪುಸ್ತಕ ಅವರ ಅಪ್ಪನ ಕಾಲದಿಂದ ನಡೆದುಬಂದಿದೆ. ಬಾಗಿಲಲ್ಲಿ ನೆನೆದುಕೊಂಡು ಬಂದು ನಿಂತರು. ಹಾಡು ನಡೆಯುತ್ತಿತ್ತು. ಯಾರೂ ಕೇಳಲಿಲ್ಲ, ಎಲ್ಲರ ಕಣ್ಣೂ ಅವರ ಮೇಲೆ. ಅವರೂ ಹಾಡು ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ನೆನೆದ ಬಟ್ಟೆಯಲ್ಲೇ ಕೈಮುಗಿದು ನಿಂತಿದ್ದರು. ಕೊನೆಗೆ ಟೀಚರೇ ಕೇಳಿದರು:

“ಎಷ್ಟಾಯ್ತು ಗೌಡ್ರೆ?”

“ಒಂದು ಇಂಚು ಹತ್ತು ಸೆಂಟಮ್ಮ.”

ಆ ಗೋಡೌನಿನಲ್ಲಿ ಎದ್ದ ಸದ್ದನ್ನು ಏನೆಂದು ಬರೆಯಲಿ. ಚಪ್ಪಾಳೆ ಮಾತ್ರ ಆಗಿರಲಿಲ್ಲ. ಒಬ್ಬರು ಅಳುತ್ತಿದ್ದರು. ಟೀಚರ್ ಮಂಗಳ ಹಾಡಿದರು, ನಾವೆಲ್ಲ ಜೊತೆಗೆ ಹಾಡಿದೆವು. ಗೊತ್ತಿಲ್ಲದವರೂ ಹಾಡಿದರು. ಬೆಲ್ಲದ ಕಾಫಿ, ಅಕ್ಕಿರೊಟ್ಟಿ ಆಗುವಾಗ ರಾತ್ರಿ ಹತ್ತು. ಮಾವ ಪುಸ್ತಕದಲ್ಲಿ ಆ ದಿನದ ಮಳೆಯ ಮುಂದೆ “ಕಲ್ಯಾಣಿ, ಆನಂದಭೈರವಿ” ಎಂದೂ ಬರೆದಿದ್ದಾರೆ. ರಾಗದ ಹೆಸರು ನನ್ನನ್ನೇ ಕೇಳಿ ಬರೆದದ್ದು.

ಮಾರನೆಯ ಬೆಳಿಗ್ಗೆ ಟೀಚರನ್ನು ಬಸ್ಸಿಗೆ ಹತ್ತಿಸಿ ಬಂದೆ. ಮಾವ ಜಗುಲಿಯಲ್ಲಿ ಬೆರಳು ಮಡಚಿ ದಿನ ಎಣಿಸುತ್ತಿದ್ದರು. “ಮುಂದಿನ ಕಛೇರಿ ಶನಿವಾರ ಬೇಡಮ್ಮ. ಅದಾದ ಮೇಲಿನ ಸೋಮವಾರ ಇಟ್ಕೊಳ್ಳೋಣ” ಎಂದರು. ಮುಂದಿನದು ಚಿಕ್ಕಮಗಳೂರಿನ ಒಬ್ಬ ಹುಡುಗನ ಕೊಳಲು. ಫೋನ್ ಮಾಡಿದೆ.

“ಸೋಮವಾರ ಯಾಕೆ ಮೇಡಂ?”

“ಅವತ್ತು ಹೂ ಬಿಡುತ್ತೆ.”

ಕಾಫಿ ಸೀಮೆಯ ಹುಡುಗ. ಮತ್ತೇನೂ ಕೇಳಲಿಲ್ಲ. ಸೋಮವಾರ ಮಧ್ಯಾಹ್ನವೇ ಬಂದ. ಕಣದ ಅಂಚಿಗೆ ನಿಂತರೆ ಕಣ್ಣು ಹೋದಷ್ಟೂ ಬಿಳಿ, ಮಲ್ಲಿಗೆಯಂಥ ಘಮ, ಜೇನಿನ ಗುಂಯ್ ಸದ್ದು. ಕೊಳಲಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಒಂದು ಸುತ್ತು ಹೋಗಿ ಬರುತ್ತೇನೆ ಎಂದು ತೋಟದೊಳಗೆ ಇಳಿದ. ಲೈನ್ ಮನೆಯ ಮಕ್ಕಳೆಲ್ಲ ಅವನ ಹಿಂದೆ. ಅವತ್ತು ಕಛೇರಿ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು.